ಎಡಿಟರ್ ಆರಿಸುವ ಮುನ್ನ ಒಂದು ಸಾಲು ಕನ್ನಡ ಬರೆದು ನೋಡಿ

ಇಳಕಲ್, ಗುಳೇದಗುಡ್ಡದ ನೇಕಾರರ ಮನೆಗಳಲ್ಲಿ ಕೇಳಿದ ಮಾತುಗಳನ್ನು ನಾನು ಪಟ್ಟಿ ಮಾಡುತ್ತಾ ಬಂದಿದ್ದೇನೆ. ಲಾಳಿ, ಕಂಡಿಕೆ, ಹಾಸು, ಹೊಕ್ಕು, ಕುಣಿಮಗ್ಗ, ತೋಪ್ ತೆನಿ. ಸಾಲಿಗೊಂದು ಪದ, ಅದರ ಮುಂದೆ ಅರ್ಥ, ಕೊನೆಗೆ ಊರಿನ ಹೆಸರು. ಎಲ್ಲವೂ ಒಂದೇ ಸಾದಾ ಟೆಕ್ಸ್ಟ್ ಫೈಲಿನಲ್ಲಿ. ಒಮ್ಮೆ ಬಾಗಲಕೋಟೆಯ ನವನಗರದಲ್ಲಿ ಪ್ರಿಂಟ್ ತೆಗೆಸಲು ಹೋಗಿದ್ದೆ. ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಪಟ್ಟಿಯನ್ನು ಕಾಪಿ ಮಾಡಿ, ಅಲ್ಲಿದ್ದ ಎಡಿಟರ್‌ಗೆ ಹಾಕಿ, ಎರಡು ಪದ ತಿದ್ದಿ, ಹಳೆಯ ಹೆಸರಿನಲ್ಲೇ ಸೇವ್ ಮಾಡಿದೆ. ಏನೋ ಎಚ್ಚರಿಕೆ ಬಂತು. ಓದದೆ ಓಕೆ ಒತ್ತಿದೆ. ಮರುದಿನ ಅಂಗಡಿಯ ಹುಡುಗ ಪೆನ್‌ಡ್ರೈವ್ ಹಾಕಿ ಫೈಲ್ ತೆರೆದು, ‘ಸರ, ಇದ್ರಾಗ ಬರೇ ಪ್ರಶ್ನೆ ಚಿಹ್ನಿ ಅದಾವ್ರಿ’ ಎಂದ. ನೋಡಿದರೆ ಸಾಲು ಸಾಲಾಗಿ ‘?????’. ಖಾಲಿ ಜಾಗಗಳು, ಅಲ್ಪವಿರಾಮಗಳು ಇದ್ದಲ್ಲೇ ಇದ್ದವು. ಕನ್ನಡ ಮಾತ್ರ ಒಂದಕ್ಷರ ಉಳಿದಿರಲಿಲ್ಲ.

ಆ ದಿನದಿಂದ ನಾನು ಎಡಿಟರ್ ಆರಿಸುವ ರೀತಿಯೇ ಬದಲಾಯಿತು. ಯಾವುದು ಬೇಗ ತೆರೆಯುತ್ತದೆ, ಯಾವುದರ ಬಣ್ಣ ಕಣ್ಣಿಗೆ ಹಿತ, ಯಾವುದಕ್ಕೆ ಜಾಸ್ತಿ ಪ್ಲಗಿನ್ ಸಿಗುತ್ತವೆ, ಇದೆಲ್ಲ ಆಮೇಲೆ. ಈ ಎಡಿಟರ್ ಕನ್ನಡವನ್ನು ಹೇಗೆ ಇಟ್ಟುಕೊಳ್ಳುತ್ತದೆ, ಹೇಗೆ ತೋರಿಸುತ್ತದೆ, ಕೇಳಿದಾಗ ಹೇಗೆ ಹುಡುಕಿ ಕೊಡುತ್ತದೆ, ಮೊದಲು ಅದನ್ನು ನೋಡುತ್ತೇನೆ.

ಟೆಕ್ಸ್ಟ್ ಎಡಿಟರ್ ಅಂದರೆ ವರ್ಡ್ ತರಹದ ತಂತ್ರಾಂಶ ಅಲ್ಲ. ವರ್ಡ್ ಫೈಲಿನಲ್ಲಿ ಅಕ್ಷರಗಳ ಜೊತೆಗೆ ಫಾಂಟು, ಗಾತ್ರ, ಬಣ್ಣ, ಅಂಚು ಎಲ್ಲವೂ ಸೇರಿರುತ್ತವೆ. ಟೆಕ್ಸ್ಟ್ ಫೈಲಿನಲ್ಲಿ ಇರುವುದು ಅಕ್ಷರ ಮಾತ್ರ. ಪರದೆಯ ಮೇಲೆ ಕಾಣುವ ಫಾಂಟ್ ನಿಮ್ಮ ಎಡಿಟರಿನದು, ಫೈಲಿನದಲ್ಲ. ಹಾಗಾಗಿ ಇಂಥ ಫೈಲ್ ಯಾವ ಕಂಪ್ಯೂಟರಿನಲ್ಲಾದರೂ ತೆರೆಯುತ್ತದೆ, ಜಾಗ ಕಡಿಮೆ ತಿನ್ನುತ್ತದೆ, ಇಪ್ಪತ್ತು ವರ್ಷ ಬಿಟ್ಟು ನೋಡಿದರೂ ಓದಲು ಬರುತ್ತದೆ. ಆದರೆ ಅಕ್ಷರವನ್ನು ಸರಿಯಾಗಿ ಬರೆದಿಟ್ಟಿರಬೇಕು.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಗೊತ್ತು. ಯೂನಿಕೋಡ್ ಎಂಬ ಒಪ್ಪಂದದಲ್ಲಿ ಜಗತ್ತಿನ ಲಿಪಿಗಳಿಗೆಲ್ಲ ಅಂಕಿ ಹಂಚಿದ್ದಾರೆ. ಕನ್ನಡಕ್ಕೆ ಸಿಕ್ಕಿದ್ದು 3200ರಿಂದ 3327ರವರೆಗಿನ 128 ಜಾಗ. ‘ಕನ್ನಡ’ ಎಂಬ ಪದ ನಮ್ಮ ಕಣ್ಣಿಗೆ ಮೂರು ಅಕ್ಷರ. ಒಳಗೆ ಅದು ಐದು ಅಂಕಿ: ಕ 3221, ನ 3240, ಅರ್ಧಾಕ್ಷರದ ಚಿಹ್ನೆ 3277, ಮತ್ತೆ ನ 3240, ಡ 3233. ಒತ್ತಕ್ಷರಕ್ಕೆ ಬೇರೆ ಅಂಕಿ ಇಲ್ಲ. ನ, ಅರ್ಧಾಕ್ಷರದ ಚಿಹ್ನೆ, ನ ಒಂದರ ಹಿಂದೆ ಒಂದು ಬಂದರೆ ಎರಡನೆಯ ನ ಕೆಳಗಿಳಿದು ಒತ್ತಾಗುತ್ತದೆ. ಇದೊಂದು ವಿಷಯ ಮನಸ್ಸಿನಲ್ಲಿರಲಿ, ಮುಂದೆ ಹುಡುಕುವಾಗ ಬಹಳ ಕೆಲಸಕ್ಕೆ ಬರುತ್ತದೆ.

ಈ ಅಂಕಿಗಳನ್ನು ಫೈಲಿನಲ್ಲಿ ಬೈಟ್‌ಗಳಾಗಿ ಬರೆಯುವ ಕ್ರಮಕ್ಕೆ ಎನ್‌ಕೋಡಿಂಗ್ ಎನ್ನುತ್ತಾರೆ. ಇವತ್ತು ಎಲ್ಲ ಕಡೆ ನಡೆಯುವುದು ಯುಟಿಎಫ್-8. ಇದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಅಂಕಿಗೆ ಮೂರು. ಹಳೆಯ ವಿಂಡೋಸಿನ ‘ಆನ್ಸಿ’ ಎಂಬ ಕ್ರಮದಲ್ಲಿ ಅಕ್ಷರಕ್ಕೆ ಒಂದೇ ಬೈಟ್, ಒಟ್ಟು 256 ಜಾಗ. ಅಲ್ಲಿ ಕನ್ನಡಕ್ಕೆ ಒಂದೂ ಜಾಗ ಇಲ್ಲ. ಜಾಗವಿಲ್ಲದ ಅಕ್ಷರ ಬಂದಾಗ ಅದರ ಬದಲು ಪ್ರಶ್ನೆ ಚಿಹ್ನೆ ಬರೆದುಬಿಡುತ್ತದೆ. ನನ್ನ ಪಟ್ಟಿಗೆ ಆದದ್ದು ಇದೇ. ಲಾಳಿ, ಕಂಡಿಕೆ ಯಾವುದೇ ಇರಲಿ, ಎಲ್ಲದಕ್ಕೂ ಒಂದೇ ಚಿಹ್ನೆ. ಹಾಗಾಗಿ ಅದನ್ನು ಮರಳಿ ಪಡೆಯುವ ದಾರಿಯೇ ಇಲ್ಲ.

ನಿಮ್ಮ ಎಡಿಟರ್ ಏನು ಮಾಡುತ್ತಿದೆ ಎಂದು ಒಂದು ನಿಮಿಷದಲ್ಲಿ ತಿಳಿಯಬಹುದು. ಹೊಸ ಫೈಲಿನಲ್ಲಿ ‘ಕನ್ನಡ’ ಎಂದಷ್ಟೇ ಬರೆಯಿರಿ. ಎಂಟರ್ ಒತ್ತಬೇಡಿ. ಸೇವ್ ಮಾಡಿ, ಫೈಲಿನ ಗಾತ್ರ ನೋಡಿ. 15 ಬೈಟ್ ಇದ್ದರೆ ಯುಟಿಎಫ್-8, ಎಲ್ಲ ಸರಿಯಿದೆ. 18 ಇದ್ದರೆ ಅದೂ ಯುಟಿಎಫ್-8 ತಾನೇ, ಮೊದಲಿಗೆ ಮೂರು ಬೈಟಿನ ಗುರುತೊಂದು ಸೇರಿದೆ. ಅದಕ್ಕೆ ಬಾಮ್ ಎಂದು ಹೆಸರು. 5 ಬೈಟ್ ಇದ್ದರೆ ಅಲ್ಲಿರುವುದು ಐದು ಪ್ರಶ್ನೆ ಚಿಹ್ನೆ. ಎಡಿಟರ್ ಮುಚ್ಚದೆ ತಕ್ಷಣ ಬೇರೆ ಎನ್‌ಕೋಡಿಂಗ್‌ನಲ್ಲಿ ಮತ್ತೆ ಸೇವ್ ಮಾಡಿ.

ಬಾಮ್ ಬೇಕಾ ಬೇಡವಾ ಎಂದು ಕೇಳುವವರಿದ್ದಾರೆ. ಸಾಮಾನ್ಯವಾಗಿ ಬೇಡ. ಆದರೆ ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಟೆಕ್ಸ್ಟ್ ಫೈಲ್) ಮಾಡಿ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆಯುವವರಿಗೆ ಕಳಿಸುವುದಿದ್ದರೆ ಬಾಮ್ ಇರಲಿ. ಅದಿಲ್ಲದಿದ್ದರೆ ಎಕ್ಸೆಲ್ ಕನ್ನಡವನ್ನು ಗೊತ್ತಿಲ್ಲದ ಅಕ್ಷರಗಳಾಗಿ ತೋರಿಸಬಹುದು. ಆಗ ಫೈಲ್ ಕೆಟ್ಟಿರುವುದಿಲ್ಲ, ಓದುವ ರೀತಿ ತಪ್ಪಿರುತ್ತದೆ, ಅಷ್ಟೆ. ‘ಡೇಟಾ’ ಮೆನುವಿನಿಂದ ಆಮದು ಮಾಡಿ ಯುಟಿಎಫ್-8 ಆರಿಸಿದರೆ ಸರಿಹೋಗುತ್ತದೆ.

ಅಕ್ಷರ ಕೆಡುವುದು ಬೇರೆ, ತಪ್ಪಾಗಿ ಕಾಣುವುದು ಬೇರೆ. ಎಡಿಟರಿನ ಮೆನುಗಳಲ್ಲೂ ಇದಕ್ಕೆ ತಕ್ಕಂತೆ ಎರಡು ಬೇರೆ ಆಯ್ಕೆಗಳಿವೆ, ಜನ ಜಾಸ್ತಿ ಎಡವುವುದು ಇಲ್ಲಿಯೇ. ವಿಎಸ್ ಕೋಡ್ ಎಂಬ ಎಡಿಟರಿನಲ್ಲಿ ಕೆಳಗಿನ ಪಟ್ಟಿಯ ಮೇಲಿರುವ ಎನ್‌ಕೋಡಿಂಗ್ ಹೆಸರನ್ನು ಒತ್ತಿದರೆ ‘ರೀಓಪನ್ ವಿತ್ ಎನ್‌ಕೋಡಿಂಗ್’, ‘ಸೇವ್ ವಿತ್ ಎನ್‌ಕೋಡಿಂಗ್’ ಎಂದು ಎರಡು ಬರುತ್ತವೆ. ಮೊದಲನೆಯದು ಇರುವ ಬೈಟ್‌ಗಳನ್ನೇ ಬೇರೆ ರೀತಿ ಓದುತ್ತದೆ, ಫೈಲನ್ನು ಮುಟ್ಟುವುದಿಲ್ಲ. ಎರಡನೆಯದು ಫೈಲನ್ನೇ ಹೊಸದಾಗಿ ಬರೆಯುತ್ತದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಇನ್ನೊಂದು ಎಡಿಟರಿನ ಎನ್‌ಕೋಡಿಂಗ್ ಮೆನುವಿನಲ್ಲೂ ಹೀಗೆಯೇ: ಸುಮ್ನೆ ಎನ್‌ಕೋಡಿಂಗ್ ಹೆಸರು ಇರುವುದು ಓದುವ ರೀತಿ, ‘ಕನ್ವರ್ಟ್ ಟು’ ಎಂದಿರುವುದು ಬದಲಾಯಿಸುವ ರೀತಿ. ಪರದೆಯ ಮೇಲೆ ಅಕ್ಷರ ಕಲಸಿಹೋದಂತೆ ಕಂಡಾಗ ಮೊದಲು ಬೇರೆ ರೀತಿ ಓದಿಸಿ ನೋಡಿ. ಸರಿ ಕಂಡ ಮೇಲೆಯೇ ಸೇವ್ ಮಾಡಿ.

ನಮ್ಮ ಭಾಗದಲ್ಲಿ ಇನ್ನೊಂದು ತೊಡಕಿದೆ. ಡಿಟಿಪಿ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತ ರಾಶಿ ರಾಶಿ ಇದೆ. ಅದು ಯೂನಿಕೋಡ್ ಅಲ್ಲ. ಅಲ್ಲಿ ‘ಕನ್ನಡ’ ಎಂದು ಬರೆದರೆ ಒಳಗೆ ಕೂತಿರುವುದು ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೆರೆಯಿರುವ ಎ, ಪೌಂಡಿನ ಗುರುತು, ಹೀಗೆ ಏಳು ಚಿಹ್ನೆಗಳು. ಫಾಂಟ್ ಮಾತ್ರ ಅವುಗಳಿಗೆ ಕನ್ನಡದ ರೂಪ ತೊಡಿಸುತ್ತದೆ. ಟೆಕ್ಸ್ಟ್ ಫೈಲಿನಲ್ಲಿ ಫಾಂಟ್ ಉಳಿಯುವುದಿಲ್ಲ ಎಂದೆನಲ್ಲ, ಹಾಗಾಗಿ ಅಂಥ ಬರಹವನ್ನು ಎಡಿಟರಿಗೆ ತಂದು ಹಾಕಿದ ಕೂಡಲೇ ಈ ಚಿಹ್ನೆಗಳು ಬಯಲಾಗುತ್ತವೆ. ಎಡಿಟರ್ ಕೆಟ್ಟಿದೆ ಎಂದು ಅದನ್ನು ಬಿಡಬೇಡಿ. ಯೂನಿಕೋಡಿಗೆ ಬದಲಾಯಿಸುವ ಪರಿವರ್ತಕದಲ್ಲಿ ಹಾಯಿಸಿ, ಆಮೇಲೆ ತನ್ನಿ. ಬೆಳಗಾವಿಯ ಕಡೆ ಇದರ ಬೆಲೆ ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿನ ಪಟ್ಟಿಯಲ್ಲಿ ಒಂದೇ ಸಾಲಿನಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಬರುತ್ತವೆ. ಫಾಂಟಿನ ಮೇಲೆ ನಿಂತ ಬರಹವನ್ನು ಟೆಕ್ಸ್ಟ್ ಫೈಲಿನಲ್ಲಿಟ್ಟರೆ ಇದು ಆಗದ ಮಾತು. ಯುಟಿಎಫ್-8ರಲ್ಲಿ ಯಾವ ಏರ್ಪಾಡೂ ಬೇಕಿಲ್ಲ.

ಇಟ್ಟುಕೊಳ್ಳುವುದು ಸರಿಯಾದರೆ ಮುಂದಿನದು ತೋರಿಸುವುದು. ಹೊಸ ಎಡಿಟರ್ ಹಾಕಿದಾಗಲೆಲ್ಲ ನಾನು ಬರೆದು ನೋಡುವ ಸಾಲು ಇದು: ‘ಸೂರ್ಯ ಮುಳುಗುವಾಗ ಇಳಕಲ್‌ನಿಂದ ರಾಷ್ಟ್ರೀಯ ಹೆದ್ದಾರಿ ಹಿಡಿದು ಕೋಲ್ಹಾರ ದಾಟಿದೆವು.’ ಇದರಲ್ಲಿ ಅರ್ಕಾವೊತ್ತಿದೆ, ಒಂದರ ಕೆಳಗೊಂದು ಎರಡು ಒತ್ತಿವೆ, ಅರ್ಧಾಕ್ಷರವಾಗಿ ಉಳಿದ ಲ್ ಇದೆ, ಎರಡು ಕಡೆ ಭಾಗವಿರುವ ಓಕಾರ ಇದೆ. ‘ಷ್ಟ್ರೀ’ಯ ಕೆಳಭಾಗ ಕತ್ತರಿಸಿ ಹೋದರೆ ಸಾಲಿನ ಎತ್ತರ ಸಾಲದು ಎಂದರ್ಥ. ಇಂಗ್ಲಿಷಿಗೆಂದು ಇಟ್ಟಿರುವ ಎತ್ತರ ನಮ್ಮ ಒತ್ತುಗಳಿಗೆ ಸಾಕಾಗುವುದಿಲ್ಲ. ವಿಎಸ್ ಕೋಡ್‌ನ ಲೈನ್ ಹೈಟ್ ಸೆಟ್ಟಿಂಗ್‌ನಲ್ಲಿ 1.8 ಎಂದು ಹಾಕಿದರೆ ಅಕ್ಷರದ ಗಾತ್ರದ 1.8 ಪಟ್ಟು ಜಾಗ ಸಿಗುತ್ತದೆ. ನನಗೆ ಅದು ಸರಿಹೊಂದಿದೆ.

ಫಾಂಟಿನ ವಿಷಯ. ಎಡಿಟರುಗಳು ಸಾಮಾನ್ಯವಾಗಿ ಎಲ್ಲ ಅಕ್ಷರವೂ ಒಂದೇ ಅಗಲ ಇರುವ ಫಾಂಟ್ ಬಳಸುತ್ತವೆ. ಪ್ರೋಗ್ರಾಮ್ ಬರೆಯುವವರಿಗೆ ಅದು ಅನುಕೂಲ. ಕನ್ನಡದಲ್ಲಿ ‘ರ’ ಮತ್ತು ‘ಮೌ’ ಒಂದೇ ಅಗಲದಲ್ಲಿ ಕೂರುವುದಿಲ್ಲ. ಹಾಗಾಗಿ ಖಾಲಿ ಜಾಗ ಒತ್ತಿ ಒತ್ತಿ ಕಂಬಸಾಲು ಮಾಡಲು ಹೋಗಬೇಡಿ, ಪದದ ನಡುವೆ ಟ್ಯಾಬ್ ಅಥವಾ ಅಲ್ಪವಿರಾಮ ಹಾಕಿ. ವಿಎಸ್ ಕೋಡ್‌ನ ಫಾಂಟ್ ಸೆಟ್ಟಿಂಗ್‌ನಲ್ಲಿ ಒಂದಲ್ಲ, ಎರಡು ಹೆಸರು ಕೊಡಬಹುದು: ಮೊದಲು ಇಂಗ್ಲಿಷಿನದು, ಅಲ್ಪವಿರಾಮ ಹಾಕಿ ಕನ್ನಡದ್ದು. ಮೊದಲನೆಯದರಲ್ಲಿ ಸಿಗದ ಅಕ್ಷರವನ್ನು ಎರಡನೆಯದರಿಂದ ತೆಗೆದುಕೊಳ್ಳುತ್ತದೆ. ವಿಂಡೋಸ್ 8 ಮತ್ತು ಅದರ ನಂತರದವುಗಳಲ್ಲಿ ನಿರ್ಮಲಾ ಯುಐ ಇದ್ದೇ ಇರುತ್ತದೆ. ನನ್ನ ಆಯ್ಕೆ ನೋಟೋ ಸ್ಯಾನ್ಸ್ ಕನ್ನಡ. ಒತ್ತುಗಳು ಬಿಡಿಸಿಟ್ಟಂತೆ ಕಾಣುತ್ತವೆ, ಉಚಿತವೂ ಹೌದು. ‘ವರ್ಡ್ ರ‍್ಯಾಪ್’ ಆನ್ ಮಾಡಿ, ಇಲ್ಲದಿದ್ದರೆ ಉದ್ದ ಸಾಲು ಪರದೆಯ ಆಚೆ ಓಡುತ್ತದೆ.

ಈಗ ನನಗೆ ಬಹಳ ಇಷ್ಟವಾದ ಭಾಗ, ಹುಡುಕುವುದು ಮತ್ತು ಬದಲಿಸುವುದು. ಎಡಿಟರಿನ ನಿಜವಾದ ಶಕ್ತಿ ಇರುವುದು ಇಲ್ಲಿ.

2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಬದಲಾದವು. ಬೆಳಗಾಂ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. ನನ್ನ ಪಟ್ಟಿಯಲ್ಲಿ ವಡಗಾವಿ, ಖಾಸಬಾಗದ ನೇಕಾರರಿಂದ ಬಂದ ಪದಗಳ ಮುಂದೆ ಹಳೆಯ ಹೆಸರೇ ಇತ್ತು. ಬಿಜಾಪುರದ್ದು ಸುಲಭ. ಎರಡೂ ‘ಪುರ’ ಎಂದೇ ಮುಗಿಯುತ್ತವೆ, ಹಾಗಾಗಿ ಬಿಜಾಪುರದಲ್ಲಿ, ಬಿಜಾಪುರಕ್ಕೆ, ಬಿಜಾಪುರದವರು ಎಲ್ಲವೂ ಒಂದೇ ಸಲಕ್ಕೆ ಸರಿಹೋಗುತ್ತವೆ. ಬೆಳಗಾಂ ಹಾಗಲ್ಲ. ಸುಮ್ನೆ ‘ಬೆಳಗಾಂ’ ತೆಗೆದು ‘ಬೆಳಗಾವಿ’ ಹಾಕಿದರೆ ‘ಬೆಳಗಾಂನಲ್ಲಿ’ ಹೋಗಿ ‘ಬೆಳಗಾವಿನಲ್ಲಿ’ ಆಗುತ್ತದೆ. ಕನ್ನಡ ಕಿವಿಗೆ ಅದು ಒಗ್ಗುವುದಿಲ್ಲ ಅಲ್ವಾ?

ಇಲ್ಲಿ ಒಳಗಿನ ಅಂಕಿಗಳನ್ನು ನೆನಪು ಮಾಡಿಕೊಳ್ಳಿ. ಮೊದಲು ‘ಬೆಳಗಾಂನ’ ಹುಡುಕಿ ‘ಬೆಳಗಾವಿಯ’ ಎಂದು ಬದಲಿಸಿ. ‘ಬೆಳಗಾಂನಲ್ಲಿ’ ಇದ್ದದ್ದು ‘ಬೆಳಗಾವಿಯಲ್ಲಿ’ ಆಗುತ್ತದೆ, ‘ಬೆಳಗಾಂನವರು’ ‘ಬೆಳಗಾವಿಯವರು’ ಆಗುತ್ತಾರೆ. ‘ಬೆಳಗಾಂನಿಂದ’ ಏನಾಗುತ್ತದೆ? ನಮ್ಮ ಕಣ್ಣಿಗೆ ‘ನಿ’ ಒಂದೇ ಅಕ್ಷರ. ಎಡಿಟರಿಗೆ ಅದು ನ ಮತ್ತು ಗುಡಿಸು, ಎರಡು ಬೇರೆ ಅಂಕಿ. ನ ಹೋಗಿ ಯ ಬಂದರೆ ಗುಡಿಸು ಅಲ್ಲೇ ಉಳಿದು ಯಕಾರಕ್ಕೆ ಅಂಟಿಕೊಳ್ಳುತ್ತದೆ. ‘ಬೆಳಗಾವಿಯಿಂದ’ ತಾನಾಗಿ ಸಿದ್ಧ! ಇದಾದ ಮೇಲೆ ಉಳಿದ ‘ಬೆಳಗಾಂ’ಗಳನ್ನು ‘ಬೆಳಗಾವಿ’ ಮಾಡಿ. ‘ಬೆಳಗಾಂಗೆ’ ಕೂಡ ‘ಬೆಳಗಾವಿಗೆ’ ಆಗುತ್ತದೆ. ಕ್ರಮ ಮಾತ್ರ ತಪ್ಪಬಾರದು, ಉದ್ದದ್ದು ಮೊದಲು, ಗಿಡ್ಡದ್ದು ಆಮೇಲೆ. ನೂರಾರು ಸಾಲು ಎರಡು ಹೆಜ್ಜೆಯಲ್ಲಿ ಸರಿಹೋದಾಗ ನನಗಾದ ಸಂತೋಷ ದೊಡ್ಡದು.

ಆದರೂ ‘ಎಲ್ಲವನ್ನೂ ಬದಲಿಸು’ ಒತ್ತುವ ಮೊದಲು ಸಿಕ್ಕ ಸಾಲುಗಳನ್ನು ಒಮ್ಮೆ ಓದಿ. ಛತ್ತೀಸ್‌ಗಢದಲ್ಲೂ ಒಂದು ಬಿಜಾಪುರ ಜಿಲ್ಲೆ ಇದೆ, ಅದರ ಹೆಸರು ಬದಲಾಗಿಲ್ಲ. ಹಳೆಯ ಪುಸ್ತಕದಿಂದ ಎತ್ತಿಕೊಂಡ ಸಾಲಿನಲ್ಲಿ ಹಳೆಯ ಹೆಸರೇ ಇರಬೇಕು.

ಹುಡುಕಿದರೂ ಸಿಗದ ಪದಗಳೂ ಇವೆ. ಕಣ್ಣಿಗೆ ಒಂದೇ, ಒಳಗೆ ಬೇರೆ. ಇದಕ್ಕೆ ದೊಡ್ಡ ಕಾರಣ ಸೊನ್ನೆ. ‘ಅಂಚು’ ಬರೆಯುವಾಗ ಅನುಸ್ವಾರದ ಬದಲು ಕನ್ನಡದ ಅಂಕಿ ಸೊನ್ನೆ ಹಾಕಿಬಿಡುತ್ತಾರೆ: ‘ಅ೦ಚು’. ಅನುಸ್ವಾರ 3202, ಅಂಕಿಯ ಸೊನ್ನೆ 3302. ಸರಿಯಾಗಿ ನೂರರ ಅಂತರ, ನೋಟದಲ್ಲಿ ಅಂತರವೇ ಇಲ್ಲ. ಎಲ್ಲ ಸೊನ್ನೆಯನ್ನೂ ಅನುಸ್ವಾರ ಮಾಡಿದರೆ ‘೨೦೧೪’ ಕೆಡುತ್ತದೆ. ಇಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಹುಡುಕುವ ಕ್ರಮ ಬೇಕು. ಅದನ್ನು ಆನ್ ಮಾಡಿ, ಹುಡುಕುವ ಜಾಗದಲ್ಲಿ (?<![೦-೯])೦ ಎಂದು ಹಾಕಿ. ಹಿಂದೆ ಕನ್ನಡ ಅಂಕಿ ಇಲ್ಲದ ಸೊನ್ನೆಯನ್ನು ಮಾತ್ರ ಹಿಡಿ ಎಂದು ಇದರ ಅರ್ಥ. ‘೨೦೧೪’ರ ಸೊನ್ನೆಯ ಹಿಂದೆ ೨ ಇರುವುದರಿಂದ ಅದು ಉಳಿಯುತ್ತದೆ. ‘೦.೫’ ಥರದ್ದು ಇದ್ದರೆ ಅದು ಸಿಕ್ಕಿಬೀಳುತ್ತದೆ, ಆದ್ದರಿಂದ ಒಂದೊಂದಾಗಿ ನೋಡಿ ಬದಲಿಸಿ. ವಿಎಸ್ ಕೋಡ್, ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎರಡರಲ್ಲೂ ಇದು ನಡೆಯುತ್ತದೆ. ವಿಂಡೋಸಿನ ಸಾದಾ ನೋಟ್‌ಪ್ಯಾಡ್‌ನಲ್ಲಿ ಈ ಕ್ರಮವೇ ಇಲ್ಲ.

ಇನ್ನೊಂದು ಕಾರಣ ಕಾಣದ ಅಕ್ಷರ. ‘ಇಳಕಲ್‌ನಿಂದ’ ಎಂದು ಬರೆದಾಗ ಅರ್ಧಾಕ್ಷರದ ಚಿಹ್ನೆ ಮತ್ತು ನ ನಡುವೆ ಅಗಲವೇ ಇಲ್ಲದ ಒಂದು ಗುರುತು ಇರುತ್ತದೆ. ಕೂಡಬೇಡಿ, ಬೇರೆ ನಿಲ್ಲಿ ಎಂದು ಅದು ಹೇಳುತ್ತದೆ. ಅದಿಲ್ಲದಿದ್ದರೆ ‘ಇಳಕಲ್ನಿಂದ’ ಎಂದು ನ ಕೆಳಗಿಳಿದು ಒತ್ತಾಗುತ್ತದೆ. ಒಬ್ಬರು ಗುರುತು ಹಾಕಿ ಬರೆದಿರುತ್ತಾರೆ, ಇನ್ನೊಬ್ಬರು ಹಾಕದೆ. ಹುಡುಕಿದಾಗ ಒಂದು ಸಿಗುತ್ತದೆ, ಇನ್ನೊಂದು ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ನಾನು ಪೂರ್ತಿ ಪದ ಹುಡುಕುವುದಿಲ್ಲ, ‘ಇಳಕಲ್’ ಎಂದಷ್ಟೇ ಹುಡುಕುತ್ತೇನೆ.

ಹಾಗಾದರೆ ಯಾವ ಎಡಿಟರ್? ಒಂದು ಟಿಪ್ಪಣಿ, ಒಂದು ಫೋನ್ ನಂಬರ್ ಬರೆದಿಡಲು ವಿಂಡೋಸಿನ ನೋಟ್‌ಪ್ಯಾಡ್ ಸಾಕು. 2019ರಲ್ಲಿ ಬಂದ ವಿಂಡೋಸ್ 10ರ ಮೇ ಅಪ್‌ಡೇಟ್‌ನಿಂದ ಅದು ಹೊಸ ಫೈಲನ್ನು ತಾನಾಗಿಯೇ ಯುಟಿಎಫ್-8ರಲ್ಲಿ ಇಡುತ್ತದೆ. ಅದಕ್ಕಿಂತ ಹಳೆಯ ಕಂಪ್ಯೂಟರಿನಲ್ಲಿ ‘ಸೇವ್ ಆಸ್’ ಕಿಟಕಿಯ ಕೆಳಗಿನ ಎನ್‌ಕೋಡಿಂಗ್ ಪಟ್ಟಿಯನ್ನು ನೀವೇ ಬದಲಿಸಬೇಕು.

ಪಟ್ಟಿ, ಲೇಖನ, ಸಣ್ಣ ಪುಟ್ಟ ವೆಬ್ ಪುಟ ಮಾಡುವವರಿಗೆ, ಕಂಪ್ಯೂಟರ್ ಹಳೆಯದಾಗಿದ್ದರೆ, ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಒಳ್ಳೆಯದು. 2003ರಿಂದ ಉಚಿತವಾಗಿ ಸಿಗುತ್ತಿದೆ, ಬಹಳ ಹಗುರ. ವಿಂಡೋಸ್‌ಗೆ ಮಾತ್ರ. ಹಾಕಿದ ಕೂಡಲೇ ಪ್ರಿಫರೆನ್ಸಸ್‌ನ ‘ನ್ಯೂ ಡಾಕ್ಯುಮೆಂಟ್’ ಭಾಗದಲ್ಲಿ ಯುಟಿಎಫ್-8 ಆರಿಸಿರಿ. ಅಕ್ಷರ ಒಡೆದಂತೆ ಕಂಡರೆ ಪ್ರಿಫರೆನ್ಸಸ್‌ನಲ್ಲೇ ಇರುವ ಡೈರೆಕ್ಟ್‌ರೈಟ್ ಎಂಬ ಆಯ್ಕೆಯನ್ನು ಆನ್ ಮಾಡಿ ನೋಡಿ.

ನಾನು ದಿನವೂ ಬಳಸುವುದು ವಿಎಸ್ ಕೋಡ್. ಮೈಕ್ರೋಸಾಫ್ಟ್ ಇದನ್ನು 2015ರಲ್ಲಿ ತಂದಿತು. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಒಂದೇ ಥರ ಇರುತ್ತದೆ. ಒಳಗಡೆ ಬ್ರೌಸರಿನ ಯಂತ್ರವೇ ಇರುವುದರಿಂದ ಕನ್ನಡ ಬ್ರೌಸರಿನಲ್ಲಿ ಕಂಡಷ್ಟೇ ಚೆನ್ನಾಗಿ ಕಾಣುತ್ತದೆ. ಆ ಯಂತ್ರದ ಕಾರಣಕ್ಕೇ ಮೆಮೊರಿ ಜಾಸ್ತಿ ತಿನ್ನುತ್ತದೆ, 4 ಜಿಬಿ ರ‍್ಯಾಮ್ ಇರುವವರಿಗೆ ಭಾರವಾಗುತ್ತದೆ. ಇದರಲ್ಲಿ ‘ಆಟೋ ಸೇವ್’ ಅನ್ನು ‘ಆಫ್ಟರ್ ಡಿಲೇ’ ಎಂದು ಇಟ್ಟರೆ ಟೈಪ್ ನಿಲ್ಲಿಸಿದ ಒಂದು ಸೆಕೆಂಡಿಗೆ ಸೇವ್ ಆಗುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋಗುವ ನಮ್ಮೂರುಗಳಿಗೆ ಇದು ಮೊದಲು ಮಾಡಬೇಕಾದ ಕೆಲಸ. ಸೆಟ್ಟಿಂಗ್‌ಗಳೆಲ್ಲ ಒಂದು ಟೆಕ್ಸ್ಟ್ ಫೈಲಿನಲ್ಲಿ ಇರುತ್ತವೆ. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡರೆ ಬೇರೆ ಕಂಪ್ಯೂಟರಿನಲ್ಲೂ ನಿಮ್ಮ ಎಡಿಟರ್ ಸಿದ್ಧ.

ಲಿನಕ್ಸ್‌ನಲ್ಲಿ ಕೇಟ್, ಗ್ನೋಮ್‌ನ ಟೆಕ್ಸ್ಟ್ ಎಡಿಟರ್ ಎರಡೂ ಕನ್ನಡಕ್ಕೆ ಸಲೀಸು. ಮ್ಯಾಕ್‌ನ ಟೆಕ್ಸ್ಟ್‌ಎಡಿಟ್ ಮೊದಲಿಗೆ ಅಲಂಕಾರದ ಫೈಲ್ ಮಾಡುತ್ತದೆ, ‘ಮೇಕ್ ಪ್ಲೇನ್ ಟೆಕ್ಸ್ಟ್’ ಒತ್ತಿದ ಮೇಲೆಯೇ ಅದು ಸಾದಾ ಎಡಿಟರ್.

ವಿಮ್, ಇಮ್ಯಾಕ್ಸ್ ಬಗ್ಗೆ ಕಾಲೇಜಿನ ಹುಡುಗರು ಕೇಳುತ್ತಾರೆ. ಎರಡೂ ದೊಡ್ಡ ಎಡಿಟರ್‌ಗಳೇ. ಆದರೆ ವಿಮ್‌ನ ಆಜ್ಞೆಗಳೆಲ್ಲ ಇಂಗ್ಲಿಷ್ ಅಕ್ಷರಗಳು. ಕನ್ನಡ ಕೀಲಿಮಣೆ ಆನ್ ಇದ್ದಾಗ ಅವು ನಡೆಯುವುದಿಲ್ಲ. ಜೊತೆಗೆ ಅದು ಸಾಮಾನ್ಯವಾಗಿ ಓಡುವ ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ಅಂದರೆ ಚೌಕಳಿ ಹಾಳೆ ಇದ್ದಂತೆ, ಮನೆಗೊಂದು ಅಕ್ಷರ. ನಮ್ಮ ಒತ್ತಕ್ಷರಗಳು ಆ ಮನೆಗಳಲ್ಲಿ ಸರಿಯಾಗಿ ಕೂರುವುದಿಲ್ಲ. ಪ್ರೋಗ್ರಾಮ್ ಬರೆಯಲು ವಿಮ್ ಕಲಿಯಿರಿ, ಕನ್ನಡ ಬರೆಯಲು ಬೇಡ. ಇಮ್ಯಾಕ್ಸ್ ಈ ವಿಷಯದಲ್ಲಿ ಮುಂದಿದೆ. 2020ರ 27ನೇ ಆವೃತ್ತಿಯಿಂದ ಅಕ್ಷರ ಜೋಡಿಸಲು ಹಾರ್ಫ್‌ಬಜ್ ಎಂಬ ತಂತ್ರಾಂಶ ಬಳಸುತ್ತದೆ, ಕನ್ನಡ ಟೈಪ್ ಮಾಡುವ ಏರ್ಪಾಡೂ ಒಳಗೇ ಇದೆ. ಒಮ್ಮೆ ಕನ್ನಡ ಆರಿಸಿಟ್ಟ ಮೇಲೆ, ಕಂಟ್ರೋಲ್ ಜೊತೆ ಹಿಂಗೆರೆ (\) ಒತ್ತಿದರೆ ಕನ್ನಡ, ಮತ್ತೆ ಒತ್ತಿದರೆ ಇಂಗ್ಲಿಷ್.

ನನ್ನ ಪಟ್ಟಿ ಈಗ ಮೊದಲಿಗಿಂತ ಉದ್ದವಾಗಿದೆ. ಕಳೆದುಹೋದ ಪದಗಳಿಗಾಗಿ ಗುಳೇದಗುಡ್ಡಕ್ಕೆ ಮತ್ತೆ ಹೋಗಿ ಬಂದೆ. ಒಂದು ಕೆಲಸ ಮಾತ್ರ ಇನ್ನೂ ಕೈಯಲ್ಲೇ ನಡೆಯುತ್ತಿದೆ. ಸಾಲುಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸು ಎಂದರೆ ಅಂಕಿ ನೋಡಿ ಜೋಡಿಸುವ ಎಡಿಟರ್‌ಗಳಿವೆ. ನಮ್ಮ ವರ್ಣಮಾಲೆಯಲ್ಲಿ ‘ಳ’ ಎಲ್ಲಕ್ಕಿಂತ ಕೊನೆಗೆ, ‘ಹ’ ಆದಮೇಲೆ. ಯೂನಿಕೋಡಿನಲ್ಲಿ ಅದು 3251, ‘ಲ’ ಆದ ಕೂಡಲೇ, ‘ವ’ಕ್ಕಿಂತ ಮುಂಚೆ. ಹಾಗಾಗಿ ‘ಎಳೆ’ ಹೋಗಿ ‘ಎಸಳು’ವಿನ ಮೇಲೆ ಕೂರುತ್ತದೆ. ಸಾಲಿನ ಮೇಲೆ ಕರ್ಸರ್ ಇಟ್ಟು, ಆಲ್ಟ್ ಹಿಡಿದು ಕೆಳಗಿನ ಬಾಣ ಒತ್ತುತ್ತಾ ಅದನ್ನು ಅದರ ಜಾಗಕ್ಕೆ ಇಳಿಸುತ್ತೇನೆ.